ಅಣಬೆಯನ್ನು ನಾಲಿಗೆಗೆ ಹಚ್ಚಿ ನೋಡುವಾಕೆ

ಆಕೆ ತೀರಿಕೊಂಡ ಸುದ್ದಿ ಕಿವಿಗೆ ಬಿದ್ದೊಡನೆ ನನ್ನ ಬಾಯಿಂದ ಹೊರಟ ಮೊದಲ ಮಾತು, "ಹಿಂದಿನ ದಿನ ಏನ್ ತಿಂದಿದ್ಲು?" ಎಂಬುದಾಗಿತ್ತು.

ಫೋನು ಮಾಡಿದವಳು ಆಕೆಯ ಮಗಳು, ತೆಕ್ಕಲಕೋಟೆಗೆ ಕೊಟ್ಟವಳು, ಆಗ ತವರಿಗೆ ಬಂದಿದ್ದಳು. ತಾಯಿಯನ್ನು ಮಣ್ಣು ಮಾಡಿ ಇನ್ನೂ ಒಂದು ಹಗಲು ಕಳೆದಿರಲಿಲ್ಲ. ಅತ್ತು ಅತ್ತು ದನಿ ಒಡೆದಿತ್ತು. ನನ್ನ ಮಾತಿಗೆ ಆ ಅಳುವೂ ನಿಂತುಹೋಯಿತು. "ಏನ್ ತಿಂದಿದ್ಲು ಅಂದ್ರ? ರೊಟ್ಟಿ, ಪುಂಡಿಪಲ್ಯ. ನಾವೂ ಅದನ್ನ ತಿಂದೀವಿ. ಯಾಕ್ರಿ ಟೀಚರಮ್ಮ, ಹಿಂಗ್ಯಾಕ ಕೇಳ್ತೀರಿ?" ಅಂದಳು.

ಸತ್ತ ಮನೆಯವರನ್ನು ಯಾರಾದರೂ ಹೀಗೆ ಕೇಳುತ್ತಾರೆಯೇ? ಹೃದಯ ನಿಂತದ್ದು ಎಂದು ಬಳ್ಳಾರಿಯ ಡಾಕ್ಟರು ಬರೆದುಕೊಟ್ಟಿದ್ದರಂತೆ. ಅದೂ ಅಲ್ಲದೆ ಬಿರುಬೇಸಿಗೆ. ಗುಡ್ಡವೆಲ್ಲ ಹುಡುಕಿದರೂ ಒಂದು ಅಣಬೆ ಸಿಗದ ಕಾಲ. ಇದೆಲ್ಲ ಗೊತ್ತಿದ್ದೂ ಕೇಳಿಬಿಟ್ಟೆ. ಆ ಹುಡುಗಿಗೆ ಏನೋ ತೊದಲಿ ಫೋನಿಟ್ಟೆ. ಅವಳಿಗೆ ಕೊಡಲಾರದ ಉತ್ತರವನ್ನು ಇಲ್ಲಿ ಬರೆಯುತ್ತಿದ್ದೇನೆ.

ನಾನು ಬಳ್ಳಾರಿಯಿಂದ ದಿನಾ ಬಸ್ಸಿನಲ್ಲಿ ಕುರುಗೋಡಿನ ಕಡೆಗೆ ಹೋಗಿಬರುತ್ತಿದ್ದ ವರ್ಷಗಳವು. ಗುಡ್ಡದ ಬುಡದಲ್ಲೊಂದು ಸರ್ಕಾರಿ ಶಾಲೆ. ಊರಿನ ಹೆಸರು ಬೇಡ. ನಾನು ವಿಜ್ಞಾನದ ಟೀಚರು. ಹೆಡ್‌ಮಾಸ್ಟರ ಹುದ್ದೆ ಖಾಲಿ ಬಿದ್ದಿತ್ತಾದ್ದರಿಂದ ಆ ಕುರ್ಚಿಯನ್ನೂ ನನಗೇ ಗಂಟು ಹಾಕಿದ್ದರು. ಆಕೆ ನಮ್ಮ ಬಿಸಿಯೂಟದ ಅಡುಗೆಯಾಕೆ. ಆಕೆಯ ಹೆಸರನ್ನೂ ಹೇಳುವುದಿಲ್ಲ. ಊರಲ್ಲಿ ಯಾರೂ ಹೆಸರು ಹಿಡಿದು ಕರೆಯುತ್ತಿರಲೂ ಇಲ್ಲ. ಮಕ್ಕಳಿಗೆ ಅಡಗಿ ಅಕ್ಕ. ಮಳೆ ಬಿದ್ದ ಮೇಲೆ ದೊಡ್ಡವರಿಗೆಲ್ಲ ಅಣಬಿ ಅಕ್ಕ.

ಮುಂಗಾರು ಎರಡು ಸಲ ಚೆನ್ನಾಗಿ ಹೊಯ್ದರೆ ಸಾಕು, ಗುಡ್ಡದ ಇಳಿಜಾರಿನಲ್ಲಿ, ಹುಣಸೆ ಮರಗಳ ಕೆಳಗೆ, ಹುತ್ತಗಳ ಪಕ್ಕದಲ್ಲಿ ಬಗೆಬಗೆಯ ಅಣಬೆ ಏಳುತ್ತಿದ್ದವು. ಜನ ಅವನ್ನು ಟವೆಲಿನಲ್ಲಿ ಗಂಟು ಕಟ್ಟಿಕೊಂಡು, ಪುಟ್ಟಿಯಲ್ಲಿ ತುಂಬಿಕೊಂಡು ಆಕೆಯ ಮನೆ ಮುಂದೆ ಬಂದು ನಿಲ್ಲುತ್ತಿದ್ದರು. ಆಕೆ ಒಂದೊಂದನ್ನೇ ಎತ್ತಿ ನೋಡಿ "ಹೂಂ" ಅಂದರೆ ಅದು ಸಾರಿಗೆ, "ಊಹೂಂ" ಅಂದರೆ ತಿಪ್ಪೆಗೆ. ಎಷ್ಟು ಮನೆಗಳ ಗಡಿಗೆಗಳು ಆ ಎರಡು ಸದ್ದಿನ ಮೇಲೆ ಒಲೆ ಹತ್ತುತ್ತಿದ್ದವೋ ಲೆಕ್ಕವಿಲ್ಲ. ಆಕೆ ಒಂದು ಸಲ ತಪ್ಪಿದ್ದರೆ ಒಂದು ಮನೆಯೇ ಬಳ್ಳಾರಿಯ ಆಸ್ಪತ್ರೆಯಲ್ಲಿ ಸಾಲಾಗಿ ಮಲಗಬೇಕಾಗಿತ್ತು. ನಾನಿದ್ದಷ್ಟು ಕಾಲ ಆಕೆ ತಪ್ಪಲಿಲ್ಲ.

ಇಲ್ಲಿ ಒಂದು ಮಾತು ಹೇಳಿಬಿಡಬೇಕು, ನುಂಗಿಕೊಂಡರೆ ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ. ಆಕೆಯ ಮನೆ ಊರ ಹೊರಗಿನ ಕೇರಿಯಲ್ಲಿ. ಗೋಡೆಯ ಮೇಲೆ ಬುದ್ಧನ ಪಟ, ಅದಕ್ಕೊಂದು ಬಣ್ಣದ ಸೀರಿಯಲ್ ಲೈಟು. ಶಾಲೆಯಲ್ಲಿ ಆರೇಳು ಮಕ್ಕಳು ಮನೆಯಿಂದಲೇ ಡಬ್ಬಿ ತರುತ್ತಿದ್ದವು. ಯಾಕೆಂದು ಕೇಳಿದರೆ "ಹೊಟ್ಟಿ ನೋಯ್ತೈತ್ರಿ ಮಿಸ್" ಎಂಬ ಒಂದೇ ಉತ್ತರ. ದಿನಾ ಮಧ್ಯಾಹ್ನ ಹನ್ನೆರಡಕ್ಕೇ ಸರಿಯಾಗಿ ಬರುವ ಹೊಟ್ಟೆನೋವು! ಅದೇ ಮಕ್ಕಳ ಅಪ್ಪಂದಿರು ಸಂಜೆ ಅಣಬೆಯ ಪುಟ್ಟಿ ಹಿಡಿದು ಆಕೆಯ ಅಂಗಳದಲ್ಲಿ ನಿಂತಿರುತ್ತಿದ್ದರು. ಆಕೆ ಬೇಯಿಸಿದ ಅನ್ನ ಆಗುತ್ತಿರಲಿಲ್ಲ, ಆಕೆ ನಾಲಿಗೆಗೆ ಹಚ್ಚಿ ನೋಡಿದ ಅಣಬೆ ಆಗುತ್ತಿತ್ತು. ನನಗೆ ಮೈಯೆಲ್ಲ ಉರಿದು ಒಂದು ದಿನ ಆಕೆಯನ್ನೇ ಕೇಳಿದೆ, "ಅವರಿಗೆ ಯಾಕ ನೋಡಿಕೊಡ್ತೀ ಅಕ್ಕ? ಹೋಗ್ರಿ ಅನ್ನು." ಆಕೆ ಅಕ್ಕಿ ಕೇರುವುದನ್ನು ನಿಲ್ಲಿಸಲಿಲ್ಲ. "ವಿಷಕ್ಕ ಕೇರಿ ಗೊತ್ತಾಗ್ತೈತೇನ್ರಿ ಟೀಚರಮ್ಮ? ಸಣ್ಣ ಹುಡುಗ್ರೂ ತಿಂತಾವಲ್ಲ, ಆ ಮನ್ಯಾಗ," ಅಂದಳು.

ನನ್ನ ಮೇಲೂ ಆಕೆಗೊಂದು ತಕರಾರಿತ್ತು. ನಾನು ಪುಸ್ತಕ ನೋಡಿ ಮಾತಾಡುತ್ತೇನೆ ಎಂಬುದು. ಒಂದು ಭಾನುವಾರ ಪುಸ್ತಕವನ್ನೂ ಚೀಲಕ್ಕೆ ಹಾಕಿಕೊಂಡು ಆಕೆಯ ಹಿಂದೆ ಗುಡ್ಡ ಹತ್ತಿದೆ. ಕುಳ್ಳನೆಯ ಹೆಂಗಸು, ಸೀರೆಯನ್ನು ಮೊಣಕಾಲಿಗೆ ಎತ್ತಿ ಕಟ್ಟಿ, ಸೊಂಟಕ್ಕೆ ಒಂದು ಹಳೆಯ ಚಾಕು ಸಿಕ್ಕಿಸಿಕೊಂಡು ಬಂಡೆಗಳ ಮೇಲೆ ಹಾದಿ ಸವೆಸಿದವಳಂತೆ ಹೋಗುತ್ತಿದ್ದಳು. ನಾನು ಏದುಸಿರು ಬಿಡುತ್ತಾ ಹಿಂದೆ. ಒಂದು ಹುಣಸೆ ಮರದ ಕೆಳಗೆ ಅಂಗೈಯಗಲದ ಕಂದು ಅಣಬೆ ಕಂಡಿತು. ದಪ್ಪ ಕಾಲು, ಮೇಲೆ ಬೇಕರಿಯ ಬನ್ನಿನ ಹಾಗೆ ಉಬ್ಬಿದ ತಲೆ. ನಾನು ಕೀಳಲು ಕೈ ಹಾಕಿದೆ.

"ತಡೀರಿ. ಮೊದಲು ಎಲ್ಲಿ ಹುಟ್ಟೈತಿ ನೋಡ್ರಿ. ಯಾವ ಗಿಡದ ಬುಡಕ, ಹುಲ್ಲಿನಾಗೋ, ಸಗಣ್ಯಾಗೋ. ಮನಿತನ ಕೇಳದ ಹೆಣ್ಣು ತರ್ತಾರೇನು?"

ಆಮೇಲೆ ಬೆರಳಿನಿಂದ ಸುತ್ತ ಮಣ್ಣು ಸರಿಸಿ ಬುಡಸಮೇತ ಎತ್ತಿದಳು. ಬುಡಕ್ಕೆ ಚೀಲದಂಥದ್ದು ಇದೆಯೇ ಎಂದು ನೋಡಬೇಕಂತೆ. ಇದ್ದರೆ ಅಲ್ಲೇ ಬಿಟ್ಟು ಕೈ ತೊಳೆಯುವುದು. ಇದಕ್ಕೆ ಇರಲಿಲ್ಲ. ತಲೆಕೆಳಗು ಮಾಡಿ ತೋರಿಸಿದಳು. ಸಾಮಾನ್ಯ ಅಣಬೆಗೆ ಕೊಡೆಯ ಅಡಿಯಲ್ಲಿ ಪುಸ್ತಕದ ಹಾಳೆಗಳ ಹಾಗೆ ಪದರ ಇರುತ್ತವೆ. ಇದಕ್ಕೆ ಹಾಳೆ ಇಲ್ಲ. ಸ್ಪಂಜಿನ ಹಾಗೆ ಸಣ್ಣ ಸಣ್ಣ ತೂತು, ಹಳದಿ ಬಣ್ಣ. ನನ್ನ ಪುಸ್ತಕದಲ್ಲಿ ಇದಕ್ಕೆ ಬೊಲೀಟ್ ಎಂದು ಹೆಸರು. ಆಕೆಯ ಬಾಯಲ್ಲಿ ಬನ್ನಣಬಿ. ಸ್ಪಂಜು ಕೆಂಪಗಿದ್ದರೆ ಮುಟ್ಟಲೇಬಾರದು. ಹಳದಿಯೋ ಬಿಳಿಯೋ ಆದರೆ ಚಾಕುವಿನಿಂದ ಎರಡು ಹೋಳು ಮಾಡಿ ಬಂಡೆಯ ಮೇಲಿಟ್ಟು ಕಾಯಬೇಕು. ನಾವು ಕಾದೆವು. ಹಳದಿ ತಿರುಳು ನಮ್ಮ ಕಣ್ಣೆದುರೇ ಮೆಲ್ಲಗೆ ನೀಲಿಯಾಗತೊಡಗಿತು.

"ವಿಷ!" ಎಂದು ನಾನು ಹಿಂದೆ ಸರಿದೆ.

ಆಕೆ ನಕ್ಕಳು. "ನೀಲಿ ಆದದ್ದೆಲ್ಲ ವಿಷ ಆದ್ರ ನಿಮ್ಮ ಸಾಲಿ ಮಕ್ಕಳ ಅಂಗೀನೂ ವಿಷನ. ಎಷ್ಟು ದೌಡು ನೀಲಿ ಆಗ್ತೈತಿ ನೋಡಬೇಕು. ಬೆಂಕಿ ಹತ್ತಿದಂಗ ಆದ್ರ ಬ್ಯಾಡ. ಹಿಂಗ ನಿಧಾನಕ್ಕ ಆದ್ರ ಮುಂದಿಂದು ನೋಡೂಣು."

ಮುಂದಿನದು ನಾಲಿಗೆ. ಮೂಗಿಗೆ ಹಿಡಿದು ಎರಡು ಸಲ ಎಳೆದಳು. ಅಕ್ಕಿಕಾಳಿನಷ್ಟು ತುಣುಕು ಕತ್ತರಿಸಿ ನಾಲಿಗೆಯ ತುದಿಗಿಟ್ಟು, ಕಣ್ಣು ಮುಚ್ಚಿ, ಮೆಲ್ಲಗೆ ಅಗಿದು, ಥೂ ಎಂದು ಉಗುಳಿದಳು. "ಕಹಿ ಇಲ್ಲ. ತಿನ್ನಬಹುದು." ಹಾಳೆ ಇರುವ ಜಾತಿಯನ್ನು ಮಾತ್ರ ಪರೀಕ್ಷೆಗೆಂದು ಎಂದೂ ಬಾಯಿಯ ಹತ್ತಿರ ತರುತ್ತಿರಲಿಲ್ಲ. ಹುತ್ತದ ಅಣಬೆಯನ್ನೂ ತನ್ನ ತವರು ದೇಶನೂರಿನ ಹುಲ್ಲುಬಣವೆಗಳಲ್ಲಿ ಏಳುವ ಅಣಬೆಯನ್ನೂ ಚಿಕ್ಕಂದಿನಿಂದ ಕಣ್ಣಲ್ಲೇ ಗುರುತು ಹಿಡಿದವಳು. ಉಳಿದ ಹಾಳೆ ಜಾತಿಗೆಲ್ಲ ಊಹೂಂ. ಬನ್ನಣಬೆಯ ವಿದ್ಯೆ ಮಾತ್ರ ಇಲ್ಲಿಗೆ ಸೊಸೆಯಾಗಿ ಬಂದ ಮೇಲೆ ಕಲಿತದ್ದು. "ನಮ್ಮ ಅತ್ತಿ ನನಗ ಎರಡ ಕೊಟ್ಟಾಳ. ಬೈಗಳ ಒಂದು, ಈ ಬನ್ನು ಒಂದು," ಅನ್ನುತ್ತಿದ್ದಳು.

ಕಹಿಗೂ ವಿಷಕ್ಕೂ ಯಾವಾಗಲೂ ಸಂಬಂಧ ಇರುವುದಿಲ್ಲ, ರುಚಿಯಾದ ಅಣಬೆಯೂ ಕೊಲ್ಲಬಲ್ಲದು ಎಂದು ನಾನು ಪಾಠ ಮಾಡಿದೆ. ಆಕೆ ತಲೆಯಾಡಿಸಿದಳು. "ನನಗೂ ಗೊತ್ತೈತ್ರಿ. ಅದಕ್ಕ ಅಲ್ಲೇನ್ರಿ, ಗಿಡ, ಬುಡ, ಬಣ್ಣ ಎಲ್ಲಾ ನೋಡಿದ ಮ್ಯಾಲೆ ನಾಲಿಗಿ. ನಾಲಿಗಿ ಕಡೀಕ." ಊರಿನ ಉಳಿದ ಪರೀಕ್ಷೆಗಳನ್ನು ಕಂಡರೆ ಆಕೆಗೆ ನಗು. ಬೇಯುವಾಗ ಬೆಳ್ಳಿ ಉಂಗುರ ಹಾಕಿ, ಕಪ್ಪಾಗದಿದ್ದರೆ ತಿನ್ನುವವರಿದ್ದರು. "ಬೆಳ್ಳಿಗೇನು ಹೊಟ್ಟಿ ಐತೇನ್ರಿ?" ಹುಳ ತಿಂದದ್ದನ್ನು ನಾವೂ ತಿನ್ನಬಹುದು ಅನ್ನುವವರಿಗೆ, "ಹಂಗಾರ ಹುಳದ ಕೂಡ ಸಗಣೀನೂ ತಿನ್ರಿ." ನನ್ನ ಮೈದುನ ಒಂದು ಸಲ ಫೋಟೊ ಹಿಡಿದರೆ ಅಣಬೆಯ ಹೆಸರು ಹೇಳುವ ಆ್ಯಪು ತೋರಿಸಿದ. ಅದು ಧೈರ್ಯವಾಗಿ ತಿನ್ನಬಹುದು ಅಂದಿತು. ಆಕೆ ಫೋನನ್ನು ತಿರುಗಿಸಿ ಮುರುಗಿಸಿ ನೋಡಿ, "ಹೇಳಾಕೇನು, ಅದೇನು ತಿಂತೈತೇನು?" ಅಂದಳು. ನಾವೆಲ್ಲ ಬಿದ್ದು ಬಿದ್ದು ನಕ್ಕೆವು. ಆ ಮಾತಿನ ತೂಕ ಆಗ ನನಗೆ ಗೊತ್ತಿರಲಿಲ್ಲ.

ಕೊರೊನಾ ಮುಗಿದು ಶಾಲೆ ಮತ್ತೆ ಶುರುವಾದ ಮೇಲೆ ಆಕೆಯಲ್ಲಿ ಒಂದು ಬದಲಾವಣೆ ಕಂಡಿತು. ಮೊದಲೆಲ್ಲ ನಿಂತ ಕಾಲಲ್ಲೇ ಹೂಂ, ಊಹೂಂ ಆಗುತ್ತಿತ್ತು. ಈಗ ಬನ್ನಣಬೆ ತಂದವರಿಗೆ, "ಒಂದು ಇಟ್ಟು ಹೋಗ್ರಿ, ನಾಳಿ ಬರ್ರಿ," ಅನ್ನತೊಡಗಿದಳು. ವಾಸನೆ ನೋಡುವುದು, ನಾಲಿಗೆಗೆ ಹಚ್ಚುವುದು, ಉಗುಳುವುದು ಎಲ್ಲ ಹಿಂದಿನಂತೆಯೇ. ತೀರ್ಪು ಮಾತ್ರ ಮರುದಿನ. ಜನ ಗೊಣಗಿದರು. ನನಗೂ ಒಳಗೊಳಗೇ ನಗು. ಅಕ್ಕನಿಗೆ ಈಗ ಬೆಲೆ ಬಂದಿದೆ, ಕಾಯಿಸಿ ಕೊಟ್ಟರೆ ಗತ್ತು ಎಂದುಕೊಂಡೆ. ನಾನೇ ಒಂದು ಸೋಮವಾರ ಶಾಲೆಯ ಹಿಂದೆ ಸಿಕ್ಕ ನಾಲ್ಕು ಬನ್ನಣಬೆ ಕೊಟ್ಟು, ಮಂಗಳವಾರ ಹೂಂ ಅನ್ನಿಸಿಕೊಂಡು, ಬಳ್ಳಾರಿಗೆ ಒಯ್ದು ಸಾರು ಮಾಡಿದೆ. ನಮ್ಮ ಅತ್ತೆ ಎರಡು ಸಲ ಬಡಿಸಿಕೊಂಡರು.

ಅದಾದ ಮುಂದಿನ ವಾರ. ಬೆಳಿಗ್ಗೆ ಮಕ್ಕಳಿಗೆ ಹಾಲು ಕಾಯಿಸುವ ಹೊತ್ತು. ನಾನು ಆಫೀಸಿನಲ್ಲಿ ಹಾಜರಿ ನೋಡುತ್ತಿದ್ದೆ. ಹಾಲು ಹೊತ್ತಿದ ವಾಸನೆ ಮೂಗಿಗೆ ಅಡರಿತು. ಏಳನೇ ಕ್ಲಾಸಿನ ಹುಡುಗಿಯರು ಮೂಗು ಮುಚ್ಚಿಕೊಂಡು ಹೊರಗೆ ಬಂದರು. ನಾನು ಅಡುಗೆ ಕೋಣೆಗೆ ಓಡಿದೆ. ಆಕೆ ಒಲೆಯ ಮುಂದೆಯೇ ನಿಂತಿದ್ದಳು. ಪಾತ್ರೆಯ ತಳ ಕರಕಾಗಿ ಹೊಗೆ ಏಳುತ್ತಿತ್ತು. ಆಕೆ ಬೆನ್ನು ತಿರುಗಿಸಿ, ಲೋಟಗಳನ್ನು ಜೋಡಿಸುತ್ತಾ, ಸಹಾಯಕಿಯೊಡನೆ ಆರಾಮಾಗಿ ಮಾತಾಡುತ್ತಿದ್ದಳು. ಸಹಾಯಕಿ ಆಗತಾನೇ ನೀರು ಹೊತ್ತು ತಂದು ಬಾಗಿಲಲ್ಲಿ ನಿಂತಿದ್ದಳು.

"ಅಕ್ಕಾ, ವಾಸನಿ ಬರವಲ್ದೇನು?"

ಆಕೆ ತಿರುಗಿದಳು. ಪಾತ್ರೆ ನೋಡಿದಳು, ನನ್ನನ್ನು ನೋಡಿದಳು. ಆ ಮುಖವನ್ನು ನಾನು ಮರೆಯಲಾರೆ. ಹಾಲು ಕೆಡಿಸಿದ ನಾಚಿಕೆ ಅಲ್ಲ ಅದು. ಸಿಕ್ಕಿಬಿದ್ದವರ ಮುಖ.

ಮಧ್ಯಾಹ್ನ ಮಕ್ಕಳು ಉಂಡೆದ್ದ ಮೇಲೆ ತೊಳೆಯುವ ಕಲ್ಲಿನ ಹತ್ತಿರ ನಾವಿಬ್ಬರೇ ಇದ್ದೆವು. ಆಕೆ ಹಂಡೆ ಉಜ್ಜುತ್ತಾ, ತಲೆ ಎತ್ತದೆ ಹೇಳಿದಳು. ಕೊರೊನಾ ಹೊತ್ತಿನಲ್ಲಿ ಬಂದ ಜ್ವರದಲ್ಲಿ ವಾಸನೆ ಹೋಯಿತು, ರುಚಿಯೂ ಹೋಯಿತು. ಎಲ್ಲರಿಗೂ ತಿರುಗಿ ಬಂತು, ತನಗೆ ಬರಲಿಲ್ಲ. ಉಪ್ಪು, ಖಾರ ಎಲ್ಲ ಅಳತೆಯ ಮೇಲೆ ನಡೆಯುತ್ತಿದೆ. ರುಚಿ ನೋಡುವುದು ಸಹಾಯಕಿ, ಆಮೇಲೆ ಟೀಚರಮ್ಮ. ಮಗಳಿಗೂ ಹೇಳಿಲ್ಲ. ಹೇಳಿದರೆ ಅಡುಗೆ ಕೆಲಸದಿಂದ ಬಿಡಿಸುತ್ತಾರೆಂಬ ಹೆದರಿಕೆ.

ನನಗೆ ಅಡುಗೆ ಕೆಲಸ ನೆನಪಾಗಲೇ ಇಲ್ಲ. ನಮ್ಮ ಅತ್ತೆ ಎರಡು ಸಲ ಬಡಿಸಿಕೊಂಡ ಸಾರು ನೆನಪಾಯಿತು.

"ಹಂಗಾರ ಇಷ್ಟು ದಿನ ಅಣಬಿ ಹೆಂಗ ನೋಡಿದಿ?" ನನ್ನ ದನಿ ಚೀರಿದಂತೆ ಬಂತು. "ನಾಲಿಗಿ ಇಲ್ಲದ ಹೆಂಗ ಹೂಂ ಅಂದಿ? ಮಂದಿ ಜೀವದ ಕೂಡ ಆಟ ಆಡಿದೇನು?"

ಆಕೆ ಹಂಡೆ ಬಿಟ್ಟು ಎದ್ದು ನಿಂತಳು. ಸಿಟ್ಟು ಬಂದಿತ್ತು. "ಆಟ ಯಾಕ ಆಡ್ಲಿ? ನೀವ ಹೇಳಿಲ್ಲೇನು?"

"ನಾ ಏನ್ ಹೇಳೀನಿ?"

"ಮೊದಲ್ನೇ ದಿನ ಹೇಳಿದ್ರಲ್ರಿ, ಈ ಕಲ್ಲಿನ ಮ್ಯಾಗ ಕುಂತು. ಮಕ್ಕಳಿಗೆ ಬಡಿಸೂಕಿಂತ ಅರ್ಧ ತಾಸು ಮೊದಲು ದೊಡ್ಡೋರು ಒಬ್ರು ಉಣಬೇಕು. ಉಂಡೋರು ಚಲೋ ಅದಾರ ಅಂದ್ರ ಬಡಿಸಬೇಕು. ಬುಕ್ಕಿನಾಗ ಸಹಿ ಮಾಡಬೇಕು ಅಂತ."

ಹೌದು, ಹೇಳಿದ್ದೆ. ಅದು ಇಲಾಖೆಯ ನಿಯಮ. ಬಿಸಿಯೂಟದ ರುಚಿ ನೋಡಿ ಸಹಿ ಮಾಡುವ ರಿಜಿಸ್ಟರು ಪ್ರತಿ ಶಾಲೆಯಲ್ಲೂ ಇದೆ. ಆಕೆ ಕೆಲಸಕ್ಕೆ ಸೇರಿದ ದಿನ ನಾನೇ ಕೂರಿಸಿಕೊಂಡು, ಟೀಚರಿನ ಗತ್ತಿನಲ್ಲಿ, ಎರಡೆರಡು ಸಲ ಹೇಳಿ ಗಿಳಿಪಾಠ ಮಾಡಿಸಿದ್ದೆ.

"ಅದನ್ನ ಮಾಡೀನಿ," ಅಂದಳು. "ಗಿಡ ನೋಡ್ತೀನಿ, ಬುಡ ನೋಡ್ತೀನಿ, ಬಣ್ಣ ನೋಡ್ತೀನಿ. ಸುಮಾರು ಅನಿಸಿದ್ದು ಆಗಲೇ ಬ್ಯಾಡ ಅಂತೀನಿ. ಚಲೋ ಅನಿಸಿದ್ದು ಮನಿಗೆ ಒಯ್ದು ಒಂದು ಬೇಯಿಸಿ ತಿಂತೀನಿ. ಅಣಬಿಗೆ ಅರ್ಧ ತಾಸು ಸಾಲಂಗಿಲ್ಲ, ಅದಕ್ಕ ಒಂದು ರಾತ್ರಿ. ಬೆಳಿಗ್ಗಿ ಎದ್ದು ನಡದಾಡಿದ್ನೆಂದ್ರ ಹೂಂ."

ಎರಡು ಮಳೆಗಾಲ! ಎಷ್ಟು ಪುಟ್ಟಿ, ಎಷ್ಟು ಗಂಟು, ಎಷ್ಟು "ನಾಳಿ ಬರ್ರಿ"! ಡಬ್ಬಿ ತರುವ ಮಕ್ಕಳ ಮನೆಯವು ಎಷ್ಟು! ನನ್ನ ಆ ಸೋಮವಾರದ್ದೂ ಸೇರಿ. ನಾನು ಬಸ್ಸಿನಲ್ಲಿ ತೂಕಡಿಸುತ್ತಾ ಮನೆಗೆ ಹೋಗುವಾಗ ಇಲ್ಲಿ ಈಕೆ ನನ್ನ ಸಾರಿಗಾಗಿ ಬುದ್ಧನ ಪಟದ ಕೆಳಗೆ ಒಬ್ಬಳೇ ಕುಳಿತು, ರುಚಿ ಗೊತ್ತಾಗದ ಒಂದು ಅಣಬೆಯನ್ನು ಅಗಿದು ನುಂಗಿದ್ದಳು.

ಕೆಲವು ಅಣಬೆಗಳ ವಿಷ ಮರುದಿನ ಏನೂ ತೋರಿಸುವುದಿಲ್ಲ, ಎರಡು ಮೂರು ದಿನ ಬಿಟ್ಟು ಒಳಗಿನಿಂದ ಕೊಲ್ಲುತ್ತದೆ, ಒಂದು ರಾತ್ರಿ ಯಾವ ಲೆಕ್ಕಕ್ಕೂ ಇಲ್ಲ ಎಂದು ಹೇಳುತ್ತಾ ನಾನು ಅತ್ತೇಬಿಟ್ಟೆ. ಆಕೆಯ ಮುಖ ಬಿಳಿಚಿತು. ಅದೊಂದು ಗೊತ್ತಿರಲಿಲ್ಲ ಆಕೆಗೆ. ಆಕೆ ಕೇಳಿದ್ದು ಇಷ್ಟೇ: "ಹಂಗಾರ ಮಂದಿಗೆ ಮೂರು ದಿನ ಬಿಟ್ಟು ಬರ್ರಿ ಅನ್ಲೇನು? ಅಷ್ಟು ದಿನಕ್ಕ ಅಣಬಿ ಕೊಳೀತಾವಲ್ರಿ."

ನಾನು ಬೈದೆ, ಬೇಡಿದೆ. ಎಲ್ಲದಕ್ಕೂ ಬೇಡ ಅಂದುಬಿಡು ಅಂದೆ.

"ಎಲ್ಲಾದಕ್ಕೂ ಬ್ಯಾಡ ಅಂದ್ರ ನನ್ನ ಹಂತ್ಯಾಕ ಯಾರು ಬರ್ತಾರ? ತಾವ ಉಂಗುರ ಹಾಕಿ ನೋಡಿ ತಿಂತಾರ. ನಾಕಕ್ಕ ಹೂಂ ಅಂದ್ರ ಐದನೇದಕ್ಕ ಊಹೂಂ ಅಂದದ್ದು ಕೇಳ್ತಾರ."

ಆ ಸಂಜೆ ಶಾಲೆ ಬಿಟ್ಟ ಮೇಲೆ ಆಕೆಯ ಬೆನ್ನು ಹತ್ತಿ ಮನೆಗೆ ಹೋದೆ. ಬಸ್ಸಿಗೆ ಇನ್ನೂ ಮುಕ್ಕಾಲು ಗಂಟೆ ಇತ್ತು. ಬಾಗಿಲ ಬಳಿ ಆಗಲೇ ಒಂದು ಪುಟ್ಟಿ ಕಾದಿತ್ತು, ಯಾರೋ ಇಟ್ಟು ಹೋದದ್ದು. ಒಳಗೆ ಏಳೆಂಟು ಬನ್ನಣಬೆ. ನನ್ನ ಮುಂದೆಯೇ ಒಂದನ್ನು ತಿರುವಿದಳು, ಬುಡ ನೋಡಿದಳು, ಕತ್ತರಿಸಿ ಹೊಸ್ತಿಲ ಮೇಲಿಟ್ಟು ಕಾದಳು. ಹಳದಿ ನಿಧಾನಕ್ಕೆ ನೀಲಿಗೆ ತಿರುಗಿತು. ಎಲ್ಲವೂ ಸರಿಯಾಗಿತ್ತು. ನಾನು ಪುಸ್ತಕದಲ್ಲಿ ಓದಿದ ಲಕ್ಷಣಗಳಿಗೂ ಸರಿಹೊಂದುತ್ತಿತ್ತು. ಉಳಿದದ್ದು ನಾಲಿಗೆ.

ಆಕೆ ಅಕ್ಕಿಕಾಳಿನಷ್ಟು ತುಣುಕನ್ನು ಚಾಕುವಿನ ತುದಿಯಲ್ಲಿ ನನ್ನ ಕಡೆ ಹಿಡಿದಳು.

"ನಿಮ್ಮ ನಾಲಿಗಿ ಚಲೋ ಐತಲ್ರಿ ಟೀಚರಮ್ಮ. ಕಹಿ ಐತೇನು ಇಷ್ಟ ನೋಡಿ ಉಗುಳ್ರಿ. ನುಂಗಬ್ಯಾಡ್ರಿ. ನೀವು ಕಹಿ ಇಲ್ಲ ಅಂದ್ರ ಇವತ್ತು ನಾ ತಿನ್ನಂಗಿಲ್ಲ."

ಅಷ್ಟೇ ಕೇಳಿದ್ದು. ಅಷ್ಟು ತುಣುಕನ್ನು ನಾಲಿಗೆಗಿಟ್ಟು ಉಗುಳಿದರೆ ಏನೂ ಆಗುವುದಿಲ್ಲ ಎಂಬುದು ಆಕೆಗಿಂತ ನನಗೇ ಚೆನ್ನಾಗಿ ಗೊತ್ತಿತ್ತು. ಮಕ್ಕಳಿಗೆ ಪಾಠ ಮಾಡುವವಳು ನಾನು. ಆಗತಾನೇ ಆಕೆಯ ಜೀವಕ್ಕಾಗಿ ಅತ್ತವಳೂ ನಾನೇ. ಕೈ ಮುಂದೆ ಮಾಡಬೇಕು ಅಂದುಕೊಂಡೆ. ಕೈ ಬರಲಿಲ್ಲ. ಮನೆ, ಮಕ್ಕಳು, ನಾಳೆಯ ದಿನ, ಎಲ್ಲವೂ ಒಟ್ಟಿಗೇ ಕಣ್ಣೆದುರು ಬಂದವು. "ಬಸ್ಸಿಗೆ ಹೊತ್ತಾತಕ್ಕ," ಅಂದೆ.

ಆಕೆ ಬೇಸರ ಮಾಡಿಕೊಳ್ಳಲಿಲ್ಲ. ಹೀಗೇ ಆಗುವುದೆಂದು ಗೊತ್ತಿದ್ದವಳಂತೆ ತಲೆಯಾಡಿಸಿ, ಉಳಿದ ಹೋಳನ್ನು ತೊಳೆದು ಸಣ್ಣ ಬೋಗುಣಿಗೆ ಹಾಕಿ ಒಲೆಗಿಟ್ಟಳು. "ಹುಷಾರಾಗಿ ಹೋಗಿ ಬರ್ರಿ," ಅಂದಳು.

ನಾನು ಹೋದೆ. ಮೂರು ದಿನ ಆಕೆ ಕೆಲಸಕ್ಕೆ ಬರುವುದನ್ನು ಬಾಗಿಲಲ್ಲಿ ನಿಂತು ಕದ್ದು ನೋಡಿದೆ. ನಾಲ್ಕನೆಯ ದಿನ ನೋಡುವುದನ್ನು ಬಿಟ್ಟೆ. ಮುಂದಿನ ಬೇಸಿಗೆಯಲ್ಲಿ ಸಿರುಗುಪ್ಪದ ಕಡೆಗೆ ವರ್ಗ ಕೇಳಿ ಪಡೆದೆ. ಊರು ದೂರವಾದರೂ ಕೇಳಿ ಪಡೆದೆ. ಆಮೇಲಿನ ಮಳೆಗಾಲಗಳಲ್ಲಿ ಆಕೆ ಏನು ಮಾಡಿದಳೆಂದು ಒಂದು ಸಲವೂ ವಿಚಾರಿಸಲಿಲ್ಲ. ಆದರೆ ಇಂದು ಬೆಚ್ಚಿಬೀಳುವುದು ಅದಕ್ಕೂ ಅಲ್ಲ. ಆ ಸಂಜೆ, ಆಕೆಯ ಒಲೆಯ ಮೇಲೆ ಅದು ಬೇಯುತ್ತಿರುವಾಗ, ನಾನು ಬಸ್ಸು ಹತ್ತಿ ಬಳ್ಳಾರಿಗೆ ಬಂದೆ. ಮನೆಯವರ ಜೊತೆ ಕುಳಿತು ಊಟ ಮಾಡಿದೆ. ಹಾಸಿಗೆಗೆ ಹೋದೆ. ನಿದ್ದೆಯೂ ಬಂತು.